ವೆಟ್ ಟೆಕ್ ಪದವಿ: ಒಂದು ವರ್ಷ ಉಳಿಸಲು 34 ಸಾವಿರ ಡಾಲರ್ ಕೊಡಬೇಕೇ?

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದಲ್ಲಿ ಹದಿನಾಲ್ಕು ವರ್ಷಗಳಿಂದ ಇದ್ದೇವೆ. ಗ್ರೀನ್ ಕಾರ್ಡ್ ಬಂದಿದೆ. ಹೈಸ್ಕೂಲಿನ ಕೊನೆಯ ವರ್ಷದಲ್ಲಿರುವ ಮಗಳು ಶನಿವಾರಗಳಂದು ಪ್ರಾಣಿ ಆಸ್ಪತ್ರೆಯೊಂದರಲ್ಲಿ ಸಹಾಯಕಿಯಾಗಿದ್ದಾಳೆ. ವೆಟರ್ನರಿ ಟೆಕ್ನೀಷಿಯನ್ (ವೆಟ್ ಟೆಕ್), ಅಂದರೆ ಪಶುವೈದ್ಯರ ಕೈಕೆಳಗೆ ನರ್ಸಿನಂತೆ ದುಡಿಯುವವರ ಕೋರ್ಸನ್ನೇ ಓದುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಖಾಸಗಿ ಕಾಲೇಜಿನವರು ಎರಡು ವರ್ಷಕ್ಕೆ 38,000 ಡಾಲರ್ ಹೇಳಿದ್ದಾರೆ. ಸರ್ಕಾರಿ ನೆರವಿನ ಎರಡು ವರ್ಷದ ಕಮ್ಯೂನಿಟಿ ಕಾಲೇಜು ಅಗ್ಗ, ಆದರೆ ಪ್ರವೇಶಕ್ಕೆ ಮೊದಲು ಓದಬೇಕಾದ ವಿಷಯಗಳೂ ಸೇರಿ ಮೂರು ವರ್ಷ ಹಿಡಿಯುತ್ತದೆ. ಸಂಬಂಧಿಕರು ‘ಅಷ್ಟು ಖರ್ಚು ಮಾಡುವುದಾದರೆ ಡಾಕ್ಟರೇ ಆಗಲಿ’ ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ಸಂಬಂಧಿಕರ ಮಾತು ಆಮೇಲೆ. ಮೊದಲು ಆ 38,000ದ ವಿಷಯ.

ಪದವಿ ಪಡೆದವರಿಗೆ ಎಷ್ಟು ಸಂಬಳ ಎಂದು ಎಲ್ಲರೂ ಕೇಳುತ್ತಾರೆ. ಅದು ಅರ್ಧ ಪ್ರಶ್ನೆ. ಪದವಿ ಇಲ್ಲದಿದ್ದರೂ ನಿಮ್ಮ ಮಗಳು ಪ್ರಾಣಿ ಆಸ್ಪತ್ರೆಯಲ್ಲೇ ದುಡಿಯುತ್ತಾಳಲ್ಲವೇ? ಈಗಾಗಲೇ ದುಡಿಯುತ್ತಿದ್ದಾಳೆ ಕೂಡ. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ ಪ್ರಕಾರ 2023ರ ಮೇ ತಿಂಗಳಲ್ಲಿ ಟೆಕ್ನೀಷಿಯನ್ನರ ಮಧ್ಯಮ ವಾರ್ಷಿಕ ವೇತನ 43,740 ಡಾಲರ್, ಸಹಾಯಕರದು 36,440. ಎರಡರ ನಡುವಿನ 7,300 ಡಾಲರ್ ಇದೆಯಲ್ಲ, ಅದೇ ಈ ಪದವಿಯ ವಾರ್ಷಿಕ ಗಳಿಕೆ. ಅದೂ ತೆರಿಗೆಗೆ ಮೊದಲು. ಇವು ಇಡೀ ದೇಶದ ಅಂಕಿಗಳು. ನಿಮ್ಮ ರಾಜ್ಯದಲ್ಲಿ ಸಂಬಳ ಇನ್ನೂ ಹೆಚ್ಚು, ಬಾಡಿಗೆ ಅದಕ್ಕಿಂತ ಹೆಚ್ಚು.

ಕ್ಯಾಲಿಫೋರ್ನಿಯಾದ ಕಮ್ಯೂನಿಟಿ ಕಾಲೇಜುಗಳಲ್ಲಿ ರಾಜ್ಯದ ನಿವಾಸಿಗಳಿಗೆ ಶುಲ್ಕ ಯೂನಿಟ್‌ಗೆ, ಅಂದರೆ ಓದಿನ ಒಂದು ಅಳತೆಗೆ, 46 ಡಾಲರ್. ಪೂರ್ವಭಾವಿ ವಿಷಯಗಳನ್ನೂ ಸೇರಿಸಿ 90 ಯೂನಿಟ್ ಎಂದು ಧಾರಾಳವಾಗಿ ಹಿಡಿದರೂ 4,140 ಡಾಲರ್ ಆಯಿತು. ಪುಸ್ತಕ, ಸಮವಸ್ತ್ರ, ಪೆಟ್ರೋಲು, ರೇಬೀಸ್ ಲಸಿಕೆ ಬೇರೆ. ಲಸಿಕೆಯೊಂದೇ ನೂರಾರು ಡಾಲರ್ ನುಂಗುತ್ತದೆ. ಆದರೆ ಆ ಖರ್ಚುಗಳು ಖಾಸಗಿ ಕಾಲೇಜಿನಲ್ಲೂ ತಪ್ಪುವುದಿಲ್ಲ. ಹಾಗಾಗಿ ಎರಡರ ನಡುವಿನ ಅಂತರ ಸುಮಾರು 34,000 ಡಾಲರ್. ಅಷ್ಟು ಹಣಕ್ಕೆ ನೀವು ಕೊಂಡುಕೊಳ್ಳುತ್ತಿರುವುದು ಒಂದೇ ಒಂದು ವರ್ಷವನ್ನು.

ಆ ಒಂದು ವರ್ಷದ ಬೆಲೆಯೆಷ್ಟು? ಆಗ ಅವಳು ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಸಂಜೆಯ ಹೊತ್ತು ಅಥವಾ ಆನ್‌ಲೈನ್‌ನಲ್ಲಿ ಓದುತ್ತ ಹಗಲು ಸಹಾಯಕಿಯಾಗಿ ಪೂರ್ಣಾವಧಿ ದುಡಿದರೆ, ಕಳೆದುಕೊಳ್ಳುವುದು ಅದೇ 7,300 ಡಾಲರ್. ಅದನ್ನು ಉಳಿಸಲು 34,000 ಕೊಡುವ ವ್ಯಾಪಾರಕ್ಕೆ ನಾನಂತೂ ಕೈ ಹಾಕುವುದಿಲ್ಲ. ಆದರೆ ಅವಳು ಆ ವರ್ಷ ಕೆಲಸವನ್ನೇ ಮಾಡದೆ ಮನೆಯಲ್ಲಿದ್ದರೆ ಲೆಕ್ಕ ತಲೆಕೆಳಗಾಗುತ್ತದೆ: ಟೆಕ್ನೀಷಿಯನ್ನಿನ ಒಂದು ವರ್ಷದ ಸಂಬಳವೇ ಕೈತಪ್ಪುತ್ತದೆ, ಖಾಸಗಿ ಕಾಲೇಜೇ ಮೇಲಾಗುತ್ತದೆ. ಆದ್ದರಿಂದ ಶುಲ್ಕದ ಪಟ್ಟಿ ನೋಡುವ ಮೊದಲು, ಶನಿವಾರದ ಕೆಲಸವನ್ನು ವಾರವಿಡೀ ಕೊಡುತ್ತಾರೆಯೇ ಎಂದು ಅವಳ ಆಸ್ಪತ್ರೆಯಲ್ಲಿ ಕೇಳಲಿ.

ಸಾಲದ ಮಾತು. ಪೋಷಕರ ಆಸರೆಯಲ್ಲಿರುವ ವಿದ್ಯಾರ್ಥಿಗೆ ಕೇಂದ್ರ ಸರ್ಕಾರದ ನೇರ ಸಾಲ ಮೊದಲ ವರ್ಷ 5,500, ಎರಡನೆಯ ವರ್ಷ 6,500 ಡಾಲರ್, ಅಷ್ಟೇ. 38,000ದಲ್ಲಿ ಮಿಕ್ಕ 26,000ಕ್ಕೆ ಖಾಸಗಿ ಸಾಲ, ಇಲ್ಲವೇ ನಿಮ್ಮ ಹೆಸರಿನಲ್ಲಿ ಸಾಲ. ‘ಹಣಕಾಸಿನ ನೆರವು ನಾವು ನೋಡಿಕೊಳ್ಳುತ್ತೇವೆ’ ಎಂದು ಕಾಲೇಜಿನವರು ನಗುತ್ತ ಹೇಳುವುದು ಹೆಚ್ಚಾಗಿ ಇದನ್ನೇ.

ಈಗ ಕೆಲಸದ ವಿಷಯ. ತುರ್ತು ಆಸ್ಪತ್ರೆಯಲ್ಲಿ ಹನ್ನೊಂದು ವರ್ಷ ರಾತ್ರಿ ಪಾಳಿ ಮಾಡಿದವಳು ನಾನು. ನೀರಿನಂಶ ಬತ್ತಿದ ಮುದಿ ಗಂಡು ಬೆಕ್ಕು ಬರುತ್ತದೆ. ಚರ್ಮ ಹಳೆಯ ಚಪ್ಪಲಿಯಂತಾಗಿರುತ್ತದೆ. ಸಹಾಯಕಿ ಮುಂಗಾಲನ್ನು ಹಿಡಿದು ಹೆಬ್ಬೆರಳಿನಿಂದ ರಕ್ತನಾಳ ಒತ್ತುತ್ತಾಳೆ. ರಕ್ತನಾಳಕ್ಕೆ ತೂರಿಸುವ ಕ್ಯಾತಿಟರ್ ಎಂಬ ಸಣ್ಣ ಕೊಳವೆಯ ತುದಿ ಚರ್ಮದಲ್ಲೇ ಮುದುಡಿಕೊಳ್ಳುತ್ತದೆ. ಆಗ ದಾರಿ ಮಾಡಿಕೊಡಲು ಚರ್ಮಕ್ಕೆ ಒಂದು ಪುಟ್ಟ ರಂಧ್ರ ಮಾಡಬೇಕು. ಕ್ಯಾತಿಟರ್ ಹಾಕಲು ವೈದ್ಯರ ಉಸ್ತುವಾರಿಯಲ್ಲಿ ಸಹಾಯಕಿಗೂ ಅವಕಾಶವಿದೆ. ಆ ಪುಟ್ಟ ರಂಧ್ರ ಮಾತ್ರ, ಕ್ಯಾಲಿಫೋರ್ನಿಯಾದ ನಿಯಮದಂತೆ, ವೈದ್ಯರನ್ನು ಬಿಟ್ಟರೆ ನೋಂದಾಯಿತ ಟೆಕ್ನೀಷಿಯನ್ನಿಗೆ ಮಾತ್ರ ಸೇರಿದ್ದು. ಅರಿವಳಿಕೆಗೆ ಒಳಪಡಿಸುವುದು, ಹಲ್ಲು ಕೀಳುವುದು, ಚರ್ಮಕ್ಕೆ ಹೊಲಿಗೆ ಹಾಕುವುದು, ಮುರಿದ ಕಾಲಿಗೆ ಪ್ಲಾಸ್ಟರ್ ಹಾಕುವುದು ಕೂಡ ಹಾಗೆಯೇ. ಹೆಚ್ಚಿನ ಸಂಬಳ ಬರುವುದು ಈ ಹಕ್ಕಿಗೆ. ಪದವಿ ಅದಕ್ಕೆ ಮೆಟ್ಟಿಲು ಮಾತ್ರ. ವಿಟಿಎನ್‌ಇ ಎಂಬ 170 ಪ್ರಶ್ನೆಗಳ ರಾಷ್ಟ್ರೀಯ ಪರೀಕ್ಷೆ ಪಾಸಾಗಿ ನೋಂದಣಿ ಆಗದಿದ್ದರೆ ಅವಳು ಸಾಲ ಮಾಡಿ ಓದಿದ ಸಹಾಯಕಿಯಾಗಿಯೇ ಉಳಿಯುತ್ತಾಳೆ. ಅಮೆರಿಕದ ಪಶುವೈದ್ಯಕೀಯ ಸಂಘ, ಎವಿಎಂಎ, ಮಾನ್ಯ ಮಾಡಿದ ಕಾಲೇಜುಗಳು ಈ ಪರೀಕ್ಷೆಯಲ್ಲಿ ತಮ್ಮ ವಿದ್ಯಾರ್ಥಿಗಳು ಮೊದಲ ಯತ್ನದಲ್ಲಿ ಪಾಸಾದ ಮೂರು ವರ್ಷಗಳ ಶೇಕಡಾವಾರನ್ನು ಪ್ರಕಟಿಸಲೇಬೇಕು. ಎರಡೂ ಕಾಲೇಜುಗಳ ಆ ಅಂಕಿಯನ್ನು ಪಕ್ಕಪಕ್ಕ ಇಟ್ಟು ನೋಡಿ.

ಪದವಿ ಕಾಲೇಜಿಗೆ ಹೋಗದೆಯೂ ಒಂದು ದಾರಿಯಿದೆ. ಕ್ಯಾಲಿಫೋರ್ನಿಯಾದಲ್ಲಿ 4,416 ಗಂಟೆಗಳ ಆಸ್ಪತ್ರೆ ಅನುಭವ, ಅಂದರೆ ವಾರಕ್ಕೆ 40 ಗಂಟೆಯಂತೆ ಎರಡು ವರ್ಷಕ್ಕಿಂತ ತುಸು ಹೆಚ್ಚು, ಜೊತೆಗೆ ನಿಗದಿತ ತರಗತಿಗಳನ್ನು ಮುಗಿಸಿ ಪರೀಕ್ಷೆಗೆ ಕೂರಬಹುದು. ದುಡಿಯುತ್ತಲೇ ಕಲಿಯುವ ಈ ದಾರಿ ಆಕರ್ಷಕವಾಗಿದೆ. ಆದರೆ ನಾಳೆ ಮದುವೆಯಾಗಿಯೋ ಬಾಡಿಗೆ ತಾಳಲಾರದೆಯೋ ಬೇರೆ ರಾಜ್ಯಕ್ಕೆ ಹೋದರೆ ಅಲ್ಲಿ ಎವಿಎಂಎ ಮಾನ್ಯತೆಯ ಪದವಿಯನ್ನೇ ಕೇಳಬಹುದು. ಹದಿನೆಂಟು ವರ್ಷದವಳಿಗೆ ನಾನು ಇದನ್ನು ಸೂಚಿಸಲಾರೆ.

ಇನ್ನು ಸಂಬಂಧಿಕರು. ಪಶುವೈದ್ಯರ ಮಧ್ಯಮ ವೇತನ 2023ರಲ್ಲಿ 119,100 ಡಾಲರ್ ಇತ್ತು, ನಿಜ. ಆದರೆ ಅದು ಬೇರೆಯೇ ಓದು: ಪದವಿ ಮಟ್ಟದ ವಿಜ್ಞಾನ ಮುಗಿಸಿ ಆಮೇಲೆ ನಾಲ್ಕು ವರ್ಷ. ಟೆಕ್ನೀಷಿಯನ್ ಕೋರ್ಸಿನ ಬಹಳಷ್ಟು ಯೂನಿಟ್‌ಗಳು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿ ಕೇಳುವ ಸಾವಯವ ರಸಾಯನಶಾಸ್ತ್ರ ಇಲ್ಲಿ ಇರುವುದೇ ಇಲ್ಲ. ‘ಮೊದಲು ಟೆಕ್ನೀಷಿಯನ್, ಆಮೇಲೆ ಡಾಕ್ಟರ್’ ಎಂದು ಅವಳ ಮನಸ್ಸಿನ ಮೂಲೆಯಲ್ಲಿ ಇದ್ದರೆ ಈಗಲೇ ಹೇಳಿಬಿಡಲಿ. ಆಗ ಈ ಎರಡೂ ಕೋರ್ಸು ಬೇಡ.

ಪ್ರಶ್ನೆ: ನಾನು ಕರ್ನಾಟಕದಲ್ಲಿ ಪಶುಸಂಗೋಪನೆ ಡಿಪ್ಲೊಮಾ ಮಾಡಿದ್ದೇನೆ. ಸಾಲ ಮಾಡಿ ಅಮೆರಿಕಕ್ಕೆ ಹೋಗಿ ಇದೇ ಎರಡು ವರ್ಷದ ಪದವಿ ಮಾಡಬಹುದೇ?

ಉತ್ತರ: ಓದಬಹುದು, ಸಾಲ ತೀರಿಸುವುದು ಕಷ್ಟ. ಹೊರದೇಶದ ವಿದ್ಯಾರ್ಥಿಗೆ ಕಮ್ಯೂನಿಟಿ ಕಾಲೇಜಿನ ಶುಲ್ಕ ನಿವಾಸಿಗಳಿಗಿಂತ ಹಲವು ಪಟ್ಟು. ಓದು ಮುಗಿದ ಮೇಲೆ ವಿದ್ಯಾರ್ಥಿ ವೀಸಾದಲ್ಲೇ ಕೆಲಸ ಮಾಡಲು ಕೊಡುವ ಒಪಿಟಿ ಎಂಬ ಅನುಮತಿಯಲ್ಲಿ ಸಿಗುವುದು 12 ತಿಂಗಳು. ಅದರ 24 ತಿಂಗಳ ವಿಸ್ತರಣೆಗೆ ಕನಿಷ್ಠ ಬ್ಯಾಚುಲರ್ ಪದವಿ ಇರಬೇಕು. ಉದ್ಯೋಗದ ಎಚ್-1ಬಿ ವೀಸಾಕ್ಕೂ ಅಷ್ಟು ಓದು ಬೇಕು. ಒಂದು ವರ್ಷದ ಟೆಕ್ನೀಷಿಯನ್ ಸಂಬಳದಲ್ಲಿ ಬಾಡಿಗೆ, ಊಟ, ತೆರಿಗೆ ಕಳೆದು ಎಷ್ಟು ಉಳಿದೀತು ಎಂದು ನೀವೇ ಒಂದು ಹಾಳೆಯಲ್ಲಿ ಬರೆದು, ಬ್ಯಾಂಕಿನ ಬಡ್ಡಿಯ ಪಕ್ಕದಲ್ಲಿ ಇಟ್ಟು ನೋಡಿ.