ಲೇಖಕರ ಲಿಂಗವನ್ನು ದಾಖಲೆಯಲ್ಲಿ ಬರೆಯಬೇಕೆ?

ಪ್ರಶ್ನೆ: ನಾನು ಗ್ರಂಥಾಲಯದಲ್ಲಿ ಸೂಚೀಕರಣದ (ಪುಸ್ತಕಗಳ ವಿವರಗಳನ್ನು ದಾಖಲಿಸುವ) ಕೆಲಸ ಮಾಡುತ್ತೇನೆ. ಲೇಖಕರ ಅಥಾರಿಟಿ ದಾಖಲೆಗಳನ್ನು, ಅಂದರೆ ಪ್ರತಿ ಲೇಖಕರ ಹೆಸರನ್ನೂ ಗುರುತನ್ನೂ ಖಚಿತಪಡಿಸುವ ದಾಖಲೆಗಳನ್ನು, ಲಿಂಕ್ಡ್ ಡೇಟಾ (ಜಾಲದಲ್ಲಿ ಒಂದಕ್ಕೊಂದು ಕೊಂಡಿ ಹಾಕಿ ಹಂಚಿಕೊಳ್ಳಬಲ್ಲ ಮಾಹಿತಿ) ರೂಪಕ್ಕೆ ತರುತ್ತಿದ್ದೇವೆ. ಅವುಗಳಲ್ಲಿರುವ ಲಿಂಗದ ವಿವರವನ್ನು ಹಾಗೆಯೇ ಉಳಿಸಿಕೊಳ್ಳಬಹುದೆ? ಲೇಖಕರು ಹೆಸರನ್ನೇ ಬದಲಿಸಿಕೊಂಡಿದ್ದರೆ ಏನು ಮಾಡಬೇಕು?

ಉತ್ತರ: ಉಳಿಸಿಕೊಳ್ಳದಿರುವುದೇ ಲೇಸು. 2010ರಲ್ಲಿ ಬಂದ ಆರ್‌ಡಿಎ ಎಂಬ ಸೂಚೀಕರಣ ನಿಯಮಾವಳಿಯು ವ್ಯಕ್ತಿಯನ್ನು ಗುರುತಿಸುವ ಅಂಶಗಳಲ್ಲಿ ಲಿಂಗವನ್ನೂ ಸೇರಿಸಿ, ಮೊದಲಿಗೆ ಗಂಡು, ಹೆಣ್ಣು, ತಿಳಿದಿಲ್ಲ ಎಂಬ ಮೂರೇ ಪದಗಳನ್ನು ಕೊಟ್ಟಿತ್ತು; ಗ್ರಂಥಾಲಯ ದಾಖಲೆಗಳ ಕಂಪ್ಯೂಟರ್ ನಮೂನೆಯಾದ ಮಾರ್ಕ್ 21ರ 375ನೇ ಫೀಲ್ಡ್ ಇದಕ್ಕಾಗಿಯೇ ಇರುವುದು. ಹೆಸರಿನ ಧ್ವನಿಯನ್ನೋ ರಕ್ಷಾಪುಟದ ಭಾವಚಿತ್ರವನ್ನೋ ನಂಬಿ ಅದನ್ನು ತುಂಬಿದರೆ, ದಾಖಲಾಗುವುದು ಲೇಖಕರ ಗುರುತಲ್ಲ, ಸೂಚೀಕಾರರ ಊಹೆ. ಸಹಕಾರಿ ಸೂಚೀಕರಣ ಕಾರ್ಯಕ್ರಮವಾದ ಪಿಸಿಸಿಯ ತಂಡವು 2016ರ ವರದಿಯಲ್ಲಿ ಎಚ್ಚರದಿಂದ ದಾಖಲಿಸುವ ದಾರಿಯನ್ನು ಸೂಚಿಸಿತ್ತು. 2022ರ ಪರಿಷ್ಕೃತ ವರದಿಯಲ್ಲಿ ದಾಖಲಿಸುವುದೇ ಬೇಡವೆಂದು ಶಿಫಾರಸು ಮಾಡಿತು.

ಹಿಂದೆ ಸೂಚಿಯ ಕಾರ್ಡಿನ ಮೇಲಿನ ತಪ್ಪು ಆ ಡ್ರಾಯರಿನಲ್ಲೇ ಉಳಿಯುತ್ತಿತ್ತು. ಲಿಂಕ್ಡ್ ಡೇಟಾದಲ್ಲಾದರೋ ಅದು 'ಈ ವ್ಯಕ್ತಿ – ಲಿಂಗ – ಗಂಡು' ಎಂಬ ಮೂರು ಭಾಗಗಳ ಸ್ವತಂತ್ರ ಹೇಳಿಕೆಯಾಗುತ್ತದೆ. ಯಾರು, ಯಾವಾಗ, ಯಾವ ಆಧಾರದ ಮೇಲೆ ಹೀಗೆಂದರು ಎಂಬುದನ್ನು ಪ್ರತ್ಯೇಕವಾಗಿ ಜೋಡಿಸದಿದ್ದರೆ ಹೇಳಿಕೆ ಮಾತ್ರ ಊರೂರು ಸುತ್ತುತ್ತದೆ. ನೀವು ಮೂಲದಲ್ಲಿ ತಿದ್ದಿದರೂ ನಕಲು ಮಾಡಿಕೊಂಡವರ ಬಳಿ ಹಳೆಯದೇ ಇರುತ್ತದೆ. ಒಂದೇ ಹೆಸರಿನ ಇಬ್ಬರನ್ನು ಬೇರ್ಪಡಿಸುವುದು ನಿಮ್ಮ ಉದ್ದೇಶವಾದರೆ ಬರವಣಿಗೆಯ ಕ್ಷೇತ್ರವೋ ಕೃತಿಯ ಹೆಸರೋ ಸಾಮಾನ್ಯವಾಗಿ ಸಾಕಾಗುತ್ತದೆ. ಮಹಿಳಾ ಸಾಹಿತ್ಯದ ಸಂಶೋಧಕರಿಗೆ ಈ ವಿವರ ಬೇಕಲ್ಲವೇ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಅವರಿಗೂ ಬೇಕಾದದ್ದು ಲೇಖಕರೇ ಪ್ರಕಟವಾಗಿ ಹೇಳಿಕೊಂಡ, ಆಧಾರವನ್ನು ಜೊತೆಗಿಟ್ಟುಕೊಂಡ ಮಾತು.

ಹೆಸರಿನ ವಿಷಯದಲ್ಲಿ ಲಿಂಕ್ಡ್ ಡೇಟಾ ನಿಮಗೆ ಅನುಕೂಲವೇ. ಇಲ್ಲಿ ವ್ಯಕ್ತಿಯನ್ನು ಹಿಡಿದಿಡುವುದು ಹೆಸರಲ್ಲ, ಗುರುತುಸಂಖ್ಯೆ. ಲೇಖಕರು ಮೊದಲಾದವರಿಗೆ ಅಂತರರಾಷ್ಟ್ರೀಯವಾಗಿ ಕೊಡುವ 16 ಅಂಕಿಗಳ ಐಎಸ್‌ಎನ್‌ಐ ಸಂಖ್ಯೆಯನ್ನು ನೋಡಿ ಯಾರೂ ಲಿಂಗವನ್ನಾಗಲಿ ಊರನ್ನಾಗಲಿ ಹೇಳಲಾರರು. ಹೆಸರೆಂಬುದು ಅದಕ್ಕೆ ಅಂಟಿಸಿದ ಚೀಟಿ, ಅದನ್ನು ಬದಲಿಸಿದರೆ ಕೊಂಡಿಗಳು ಕಡಿಯುವುದಿಲ್ಲ. ಕಷ್ಟವಿರುವುದು ಹಳೆಯ ಹೆಸರಿನಲ್ಲಿ. ಆ ಹೆಸರಿನಲ್ಲಿ ಪುಸ್ತಕಗಳು ಪ್ರಕಟವಾಗಿದ್ದರೆ ಓದುಗರು ಮುಖಪುಟ ನೋಡಿ ಅದನ್ನೇ ಹುಡುಕುತ್ತಾರಾದ್ದರಿಂದ ಪರ್ಯಾಯ ಹೆಸರಾಗಿ ಇರಲಿ, ಆದರೂ ಸಾಧ್ಯವಾದರೆ ಲೇಖಕರನ್ನು ಕೇಳಿ. ಪ್ರಕಟವಾಗಿಲ್ಲದಿದ್ದರೆ, ಯಾವುದೋ ಕಡತದಲ್ಲಿ ಕಂಡಿತೆಂಬ ಕಾರಣಕ್ಕೆ ಅದನ್ನು ಸೇರಿಸುವ ಅಗತ್ಯವೇ ಇಲ್ಲ. ಕಾವ್ಯನಾಮಕ್ಕೂ ಇದೇ ಮಾತು: ಆರ್‌ಡಿಎ ಪ್ರಕಾರ ಅದು ಪ್ರತ್ಯೇಕ ಗುರುತಾಗಬಲ್ಲದು, ಲೇಖಕರು ಗುಟ್ಟಾಗಿಟ್ಟ ಸಂಬಂಧವನ್ನು ನಿಮ್ಮ ಕೊಂಡಿ ಬಯಲು ಮಾಡಬಾರದು.