ಮ್ಯಾಪ್ ಬದಲಾಯಿಸಿ, ಹಳೇದನ್ನು ಮಾತ್ರ ಈಗಲೇ ಅಳಿಸಬೇಡಿ

ನಿಮ್ಮ ಪ್ರಶ್ನೆ ಇಷ್ಟು: ಏಳೆಂಟು ವರ್ಷದಿಂದ ಫೋನಿನಲ್ಲಿ ಒಂದೇ ಮ್ಯಾಪ್ ಬಳಸುತ್ತಿದ್ದೀರಿ. ಅದನ್ನು ತೆಗೆದು ಬೇರೆ ಕಂಪನಿಯದ್ದು ಹಾಕಿಕೊಳ್ಳಬೇಕು ಅಂತಿದ್ದೀರಿ. ಮುಂದಿನ ತಿಂಗಳಿಂದ ಗೊಬ್ಬರದ ಕಂಪನಿ ಕೆಲಸಕ್ಕೆ ಕೊಡಗಿನ ತೋಟಗಳನ್ನು ಸುತ್ತಬೇಕು. ಹೊಸದನ್ನು ನಂಬಿಕೊಂಡು ಓಡಾಡಬಹುದಾ?

ಓಡಾಡಬಹುದು. ನಾನು ಓಡಾಡುತ್ತಿದ್ದೇನೆ. ಕೊಡಗಿನ ಸಿದ್ದಾಪುರದಲ್ಲಿ ನನ್ನದು ಪಂಪ್‌ಸೆಟ್ ರಿಪೇರಿ ಕೆಲಸ, ದಿನಕ್ಕೆ ಮೂರು ನಾಲ್ಕು ತೋಟ ಆಗುತ್ತದೆ. ಆದರೆ ಬದಲಾಯಿಸಿದ ಮೊದಲ ವಾರ ನಾನು ಪಟ್ಟ ಪಾಡು ಮೊದಲು ಕೇಳಿ. ಯಾವ ಆ್ಯಪ್ ಅಂತ ಹೇಳಲ್ಲ, ತಪ್ಪಿನಲ್ಲಿ ಅರ್ಧ ನನ್ನದೇ.

ಮಾರ್ಚ್ ತಿಂಗಳು. ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಬಂದಿರಲಿಲ್ಲ. ಅಂಥ ವರ್ಷ ರೋಬಸ್ಟಾ ಕಾಫಿ ತೋಟದವರೆಲ್ಲ ಹೊಳೆಗೆ ಪಂಪ್ ಇಟ್ಟು ಸ್ಪ್ರಿಂಕ್ಲರ್ ಹಾರಿಸುತ್ತಾರೆ. ಮಧ್ಯದಲ್ಲಿ ಪಂಪ್ ನಿಂತರೆ ಮಾಲೀಕರಿಗೂ ನಿದ್ದೆ ಇಲ್ಲ, ನನಗೂ ಇಲ್ಲ. ಬೇತ್ರಿ ಕಡೆಯ ಒಂದು ತೋಟದಿಂದ ಬೆಳಿಗ್ಗೆ ಆರಕ್ಕೇ ಫೋನ್ ಬಂತು. ನಾನು ಅಲ್ಲಿಗೆ ಹಿಂದೆ ಹೋದವನಲ್ಲ. ಪಂಪ್‌ಹೌಸಿನ ಲೊಕೇಶನ್ ವಾಟ್ಸಾಪ್ ಮಾಡಿದರು, ಹೊಸ ಆ್ಯಪ್‌ಗೆ ಹಾಕಿದೆ, ಹೇಳಿದ ಕಡೆ ತಿರುಗಿಸುತ್ತಾ ಹೋದೆ. ಕೊನೆಗೆ ಒಂದು ಮಣ್ಣು ದಾರಿ, ಅದರ ತುದಿಯಲ್ಲಿ ಬಿದಿರು ಮೆಳೆ, ಅದರ ಕೆಳಗೆ ಕಾವೇರಿ. 'ನೀವು ತಲುಪಿದ್ದೀರಿ' ಅಂತ ಫೋನ್ ಹೇಳಿತು.

ತಲುಪಿದ್ದು ನಿಜ. ಪಂಪ್‌ಹೌಸಿನ ತಗಡಿನ ಮಾಡು ಕಣ್ಣಿಗೇ ಕಾಣುತ್ತಿತ್ತು, ಹೊಳೆಯ ಆಚೆ ದಡದಲ್ಲಿ. ತೋಟದ ಲೆಕ್ಕ ಬರೆಯುವ ರೈಟರ್ ಅಲ್ಲಿ ನಿಂತು ಟವೆಲ್ ಬೀಸುತ್ತಿದ್ದರು. "ಅಣ್ಣಾ, ಸೇತುವೆ ದಾಟಿ ಬರಬೇಕಿತ್ತು!" ಅಂತ ಕೂಗಿದ್ದು ಸರಿಯಾಗಿ ಕೇಳಿಸಿತು. ಜೀಪ್ ತಿರುಗಿಸಲು ಜಾಗ ಇಲ್ಲದೆ ರಿವರ್ಸಿನಲ್ಲೇ ಅರ್ಧ ದಾರಿ ಬಂದೆ. ಆಚೆ ದಡ ಸೇರುವಾಗ ಮುಕ್ಕಾಲು ಗಂಟೆ ಹೋಗಿತ್ತು. ಹಾಳಾಗಿದ್ದು ಬರೀ ನೀರೆಳೆಯುವ ಪೈಪಿನ ತುದಿಯ ಫುಟ್‌ವಾಲ್ವ್, ಹತ್ತು ನಿಮಿಷದ ಕೆಲಸ.

ಯಾಕೆ ಹೀಗಾಯಿತು ಅಂದರೆ, ಮ್ಯಾಪ್ ಆ್ಯಪ್‌ಗಳು ಪಿನ್ (ನಕ್ಷೆಯ ಮೇಲೆ ಹಾಕಿದ ಗುರುತು) ಇರುವ ಜಾಗಕ್ಕೆ ಹತ್ತಿರದ ರಸ್ತೆ ಯಾವುದು ಅಂತ ಹುಡುಕಿ ಅಲ್ಲಿಗೆ ದಾರಿ ಮುಗಿಸುತ್ತವೆ. ಹತ್ತಿರ ಅಂದರೆ ಕಾಗೆ ಹಾರುವ ಲೆಕ್ಕ. ಆ ತೋಟದ ಒಳದಾರಿ ಹೊಸ ಮ್ಯಾಪ್‌ನಲ್ಲಿ ಇರಲಿಲ್ಲ, ಈಚೆ ದಡದ ಮಣ್ಣು ದಾರಿ ಇತ್ತು. ಹೊಳೆ ಅದರ ಲೆಕ್ಕಕ್ಕೇ ಬರಲಿಲ್ಲ.

ಹಳೇ ಆ್ಯಪ್ ನನಗೆ ಹೀಗೆ ಮಾಡಿರಲಿಲ್ಲ ಅಂತ ಮೊದಲು ಸಿಟ್ಟು ಬಂತು. ಸಂಜೆ ಕೂತು ಹಳೇದನ್ನು ತೆರೆದು ನೋಡಿದೆ. ನೂರಕ್ಕೂ ಜಾಸ್ತಿ ಪಿನ್, ಎಲ್ಲ ನಾನೇ ಇಟ್ಟದ್ದು. ಪಂಪ್‌ಹೌಸಿಗೆ ಇಟ್ಟದ್ದು ಒಂದೂ ಇಲ್ಲ, ಎಲ್ಲ ಗೇಟಿಗೇ. ಪಕ್ಕದಲ್ಲಿ ಟಿಪ್ಪಣಿ ಬೇರೆ: 'ಎರಡನೇ ಗೇಟು, ನಾಯಿ ಬಿಟ್ಟಿರುತ್ತಾರೆ', 'ಮಳೆಗಾಲದಲ್ಲಿ ಜೀಪ್ ಇಳಿಯಲ್ಲ'. ಹಳೇ ಆ್ಯಪ್ ಬಲು ಜಾಣ ಅಂದುಕೊಂಡಿದ್ದೆ, ಅಷ್ಟು ವರ್ಷ ಅದಕ್ಕೆ ಪಾಠ ಹೇಳಿಕೊಟ್ಟವನು ನಾನೇ ಅಲ್ವಾ! ನೀವು ಬದಲಾಯಿಸುವಾಗ ಕಳೆದುಕೊಳ್ಳೋದು ಇದನ್ನೇ. ಮೊದಲು ಇದನ್ನು ಸಾಗಿಸಿಕೊಳ್ಳಿ.

ದೊಡ್ಡ ಕಂಪನಿಗಳೇ ಈ ವಿಷಯದಲ್ಲಿ ಎಡವಿವೆ. 2007ರಿಂದ ಐಫೋನಿನಲ್ಲಿ ಗೂಗಲ್ ಮ್ಯಾಪ್ ಬರುತ್ತಿತ್ತು. 2012ರ ಸೆಪ್ಟೆಂಬರಿನಲ್ಲಿ ಐಫೋನಿನ ಹೊಸ ಸಾಫ್ಟ್‌ವೇರ್ ಐಒಎಸ್ 6 ಬಂದಾಗ ಆ್ಯಪಲ್ ಅದನ್ನು ತೆಗೆದು ತನ್ನದೇ ಮ್ಯಾಪ್ ಹಾಕಿತು. ಆಸ್ಟ್ರೇಲಿಯಾದ ಮಿಲ್ಡುರಾ ಊರನ್ನು ಅದು ಸುಮಾರು 70 ಕಿ.ಮೀ. ಆಚೆ, ನೀರಿಲ್ಲದ ರಾಷ್ಟ್ರೀಯ ಉದ್ಯಾನದ ನಡುವೆ ತೋರಿಸಿತು. ಜನ ಅಲ್ಲಿಗೆ ಹೋಗಿ ಸಿಕ್ಕಿಹಾಕಿಕೊಂಡು, ಪೊಲೀಸರು ಎಚ್ಚರಿಕೆ ಕೊಡಬೇಕಾಯಿತು. ಹತ್ತೇ ದಿನದಲ್ಲಿ, ಆಗ ಆ್ಯಪಲ್ ಮುಖ್ಯಸ್ಥರಾಗಿದ್ದ ಟಿಮ್ ಕುಕ್ ಕ್ಷಮೆ ಕೇಳಿ, ಸರಿಮಾಡುವ ತನಕ ಬೇರೆ ಕಂಪನಿಗಳ ಮ್ಯಾಪ್ ಬಳಸಿ ಅಂತ ಅವರೇ ಬರೆದರು. ಡಿಸೆಂಬರಿನಲ್ಲಿ ಗೂಗಲ್ ತನ್ನ ಆ್ಯಪನ್ನು ಐಫೋನಿಗೆ ಬೇರೆಯಾಗಿ ಬಿಟ್ಟಿತು. ನಿಮಗೆ ಅಷ್ಟು ಕಷ್ಟ ಇಲ್ಲ, ಎರಡನ್ನೂ ಒಂದೇ ಫೋನಿನಲ್ಲಿ ಇಟ್ಟುಕೊಳ್ಳಬಹುದು. ಎರಡು ತಿಂಗಳು ಇಟ್ಟುಕೊಳ್ಳಿ.

ಪಿನ್ ಸಾಗಿಸಲು ನಾನು ಮಾಡಿದ್ದು ಹೀಗೆ. ಪಿನ್ ಒತ್ತಿ ಹಿಡಿದರೆ ಎರಡು ಸಂಖ್ಯೆ ಬರುತ್ತವೆ, ಅಕ್ಷಾಂಶ ರೇಖಾಂಶ. 12.42, 75.74 ಅಂತ ಯಾವ ಆ್ಯಪ್‌ಗೆ ಹಾಕಿದರೂ ಮಡಿಕೇರಿಗೇ ಹೋಗುತ್ತದೆ, ಅದಕ್ಕೆ ಕಂಪನಿ ಭೇದ ಇಲ್ಲ. ಆದರೆ ಚುಕ್ಕಿಯ ನಂತರ ಎರಡೇ ಅಂಕಿ ಇದ್ದರೆ ಒಂದು ಕಿಲೋಮೀಟರ್ ಆಚೀಚೆ ಆಗುತ್ತದೆ. ನಾಲ್ಕು ಅಂಕಿ ಇದ್ದರೆ ಸುಮಾರು 11 ಮೀಟರ್ ಒಳಗೆ ಬರುತ್ತದೆ, ಗೇಟು ಹುಡುಕಲು ಅಷ್ಟು ಸಾಕು. ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಗೂಗಲ್‌ನಿಂದ ಬರುವುದಾದರೆ, ನಮ್ಮ ಡೇಟಾ ಇಳಿಸಿಕೊಳ್ಳಲು ಗೂಗಲ್ಲೇ ಕೊಡುವ ಟೇಕ್‌ಔಟ್‌ನಲ್ಲಿ ಉಳಿಸಿದ ಜಾಗಗಳನ್ನೆಲ್ಲ ಒಟ್ಟಿಗೆ ಇಳಿಸಿಕೊಳ್ಳಬಹುದು. ನನಗೆ ಆ ತಾಳ್ಮೆ ಇರಲಿಲ್ಲ.

ಇನ್ನೊಂದು ಕಿರಿಕಿರಿ. ಯಾರಾದರೂ ಲೊಕೇಶನ್ ಕಳಿಸಿದರೆ ಅದು ಸುಮ್ನೆ ಹಳೇ ಆ್ಯಪ್‌ನಲ್ಲೇ ತೆರೆಯುತ್ತದೆ. ಆಂಡ್ರಾಯ್ಡ್ ಆದರೆ ಸೆಟ್ಟಿಂಗ್ಸ್‌ಗೆ ಹೋಗಿ ಹಳೇ ಮ್ಯಾಪಿನ 'ಓಪನ್ ಬೈ ಡಿಫಾಲ್ಟ್' ತೆಗೆದುಬಿಡಿ. ಆಮೇಲೆ ಯಾವುದರಲ್ಲಿ ತೆರೆಯಲಿ ಅಂತ ಅದೇ ಕೇಳುತ್ತದೆ.

ಯಾವುದು ಹಾಕಿಕೊಳ್ಳಬೇಕು ಅಂತಲೂ ಕೇಳಿದ್ದೀರಿ. ಇಲ್ಲಿ ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತದೆ. ಜಿಪಿಎಸ್‌ಗೆ ಟವರ್ ಬೇಡ, ಅದು ಉಪಗ್ರಹದಿಂದ ಬರುತ್ತದೆ. ನಕ್ಷೆ ಮಾತ್ರ ಮೊದಲೇ ಫೋನಿನಲ್ಲಿ ಇರಬೇಕು. ಆರ್ಗ್ಯಾನಿಕ್ ಮ್ಯಾಪ್ಸ್, ಓಸ್ಮ್‌ಆಂಡ್ ಎರಡೂ ಇದಕ್ಕೆ ಒಳ್ಳೆಯವು. ಗೂಗಲ್‌ನಲ್ಲೂ ಇಳಿಸಿಕೊಳ್ಳಬಹುದು, ಆದರೆ ನೆಟ್ ಇಲ್ಲದಾಗ ಗಾಡಿಯ ದಾರಿ ಮಾತ್ರ ಹೇಳುತ್ತದೆ, ನಡೆಯುವ ದಾರಿ ಹೇಳಲ್ಲ. ನಮ್ಮ ದೇಶದ್ದೇ ಬೇಕು ಅಂದರೆ ಮ್ಯಾಪ್‌ಮೈಇಂಡಿಯಾದ ಮ್ಯಾಪಲ್ಸ್ ಇದೆ. ಟ್ರಾಫಿಕ್ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಆ ಕೆಂಪು ಗೆರೆ ಬರೋದು ರಸ್ತೆಯಲ್ಲಿರುವವರ ಫೋನುಗಳಿಂದ. ಬೆಂಗಳೂರಿನಲ್ಲಿ ಅದು ಬೇಕೇ ಬೇಕು. ಇಲ್ಲಿ ತೋಟದ ದಾರಿಯಲ್ಲಿ ಇರೋದು ನಿಮ್ಮ ಫೋನ್ ಒಂದೇ!

ಯಾವುದನ್ನು ಹಾಕಿದರೂ ಮೊದಲು ನಿಮಗೆ ಚೆನ್ನಾಗಿ ಗೊತ್ತಿರುವ ದಾರಿಯಲ್ಲಿ ಪರೀಕ್ಷೆ ಮಾಡಿ. ನಾನು 'ಸಿದ್ದಾಪುರ' ಅಂತ ಕನ್ನಡದಲ್ಲಿ ಹಾಕಿದಾಗ ಮೊದಲು ಬಂದದ್ದು ಉತ್ತರ ಕನ್ನಡದ ಸಿದ್ದಾಪುರ. ಗೋಣಿಕೊಪ್ಪ ಅಂತ ಒಮ್ಮೆ, ಗೋಣಿಕೊಪ್ಪಲು ಅಂತ ಒಮ್ಮೆ ಹಾಕಿ ನೋಡಿ, ಎರಡೂ ಒಂದೇ ಊರು. ಸಂಜೆ ಹೊತ್ತು ಕುಟ್ಟದಿಂದ ಹುಣಸೂರಿಗೆ ದಾರಿ ಕೇಳಿ ನೋಡಿ. ಆ ದಾರಿಯಲ್ಲಿರುವ ನಾಗರಹೊಳೆ ಕಾಡಿನ ಗೇಟು ಸಂಜೆ ಆರಕ್ಕೆ ಹಾಕುತ್ತಾರೆ, ಅದು ಮ್ಯಾಪ್‌ಗೆ ಗೊತ್ತಿದೆಯಾ ಅಂತ ಮನೆಯಲ್ಲೇ ಕೂತು ತಿಳಿದುಕೊಳ್ಳಬಹುದು. ಆನೆ ಎಲ್ಲಿದೆ ಅಂತ ಯಾವ ಮ್ಯಾಪೂ ಹೇಳಲ್ಲ. ಅದಕ್ಕೆ ಊರಿನ ವಾಟ್ಸಾಪ್ ಗ್ರೂಪೇ ಗತಿ, ಸೇರಿಕೊಳ್ಳಿ.

ಆರ್ಗ್ಯಾನಿಕ್ ಮ್ಯಾಪ್ಸ್‌ನಂಥವುಗಳ ಹಿಂದೆ ಇರೋದು ಓಪನ್‌ಸ್ಟ್ರೀಟ್‌ಮ್ಯಾಪ್. 2004ರಲ್ಲಿ ಶುರುವಾದದ್ದು, ಯಾರು ಬೇಕಾದರೂ ತಿದ್ದಬಹುದು. ಬೇತ್ರಿಯ ಆ ಒಳದಾರಿಯನ್ನು ಮಾಲೀಕರನ್ನು ಕೇಳಿ ನಾನೇ ಎಳೆದೆ, ಖಾಸಗಿ ದಾರಿ ಅಂತ ಗುರುತು ಹಾಕಿ. ಕೇಳದೆ ಮಾತ್ರ ಎಳೆಯಬೇಡಿ. ಇನ್ನೊಬ್ಬ ಮಾಲೀಕರು ಖಡಾಖಂಡಿತ ಬೇಡ ಅಂದರು. ಮ್ಯಾಪ್‌ನಲ್ಲಿ ದಾರಿ ಕಂಡರೆ ಟೂರಿಸ್ಟುಗಳು ಬರುತ್ತಾರೆ, ಕಾಫಿ ಹೂವಿನ ಜೊತೆ ಫೋಟೋ ತೆಗೆದು ಹೋಗುವಾಗ ಕಿತ್ತಳೆ ಕೊಯ್ಯುತ್ತಾರೆ ಅಂತ. ಅವರದ್ದೂ ತಪ್ಪಿಲ್ಲ.

ಈಗ ನಾನು ಯಾರಿಗೂ ಪಂಪ್‌ಹೌಸಿನ ಲೊಕೇಶನ್ ಕೇಳಲ್ಲ. ಗೇಟಿನ ಮುಂದೆ ನಿಂತು ಕಳಿಸಿ ಅನ್ನುತ್ತೇನೆ. ಆಮೇಲೆ ಫೋನ್ ಮಾಡಿ ಒಂದು ಮಾತು ಕೇಳುತ್ತೇನೆ: "ಹೊಳೆಯ ಈ ಕಡೆಯಾ, ಆ ಕಡೆಯಾ?"