ಸ್ಪ್ಯಾನಿಷ್ ಕ್ರಿಯಾಪದಗಳನ್ನು ಎಲ್ಲಿಂದ ಶುರು ಮಾಡಲಿ?

ಕ್ರಿಯಾಪದಗಳ ಪಟ್ಟಿ ನೋಡಿದರೆ ತಲೆ ಗಿರ್ರೆನ್ನುತ್ತದೆ, ಮೊದಲು ಯಾವ ಪದ ಕಲಿಯಲಿ ಎಂದು ಕೇಳಿದ್ದೀರಿ. 'ಪಗಾರ್' ಕಲಿಯಿರಿ.

ನಾನು ಕಾರವಾರದವಳು. ನಮ್ಮಲ್ಲಿ ಸಂಬಳಕ್ಕೆ ಪಗಾರ ಎನ್ನುತ್ತೇವೆ. ಪಕ್ಕದ ಗೋವಾ 1510ರಿಂದ 1961ರವರೆಗೆ ಪೋರ್ಚುಗೀಸರ ಕೈಯಲ್ಲಿತ್ತಲ್ಲ, ಈ ಪದ ಅವರದ್ದು. ಸ್ಪ್ಯಾನಿಷ್‌ನಲ್ಲೂ 'ಪಗಾರ್' ಎಂದರೆ ಹಣ ಕೊಡುವುದು. ನಮ್ಮ ಪಾವ್ ಅಲ್ಲಿ 'ಪಾನ್'. ಬಟಾಟೆ ಸ್ಪೇನಿನಲ್ಲಿ 'ಪತಾತ'. ನೋಡಿ, ನಿಮಗೆ ಆಗಲೇ ಮೂರು ಪದ ಬಂತು.

ಈಗ 'ಪಗಾರ್' ಕೊನೆಯ 'ಆರ್' ತೆಗೆದು ಬೇರೆ ಬಾಲ ಹಚ್ಚಿ. ಕೊಡುತ್ತೇನೆ ಎನ್ನಲು 'ಪಾಗೊ', ಕೊಡುತ್ತೀಯ 'ಪಾಗಸ್', ಕೊಡುತ್ತೇವೆ 'ಪಗಾಮೊಸ್', ಕೊಡುತ್ತಾರೆ 'ಪಾಗನ್'. ಕೊಡುತ್ತಾನೆ, ಕೊಡುತ್ತಾಳೆ ಎರಡಕ್ಕೂ 'ಪಾಗ' ಒಂದೇ. ಗೌರವದ 'ನೀವು', ಅಂದರೆ 'ಉಸ್ತೆದ್', ಅದಕ್ಕೂ 'ಪಾಗ'. ನಾವು ಸುಮ್ನೆ 'ಬರ್ತೇನೆ' ಅಂದರೆ ಯಾರು ಅಂತ ಗೊತ್ತಾಗುತ್ತದೆ ಅಲ್ವಾ? ಅಲ್ಲೂ ಹಾಗೇ, 'ನಾನು' ಬೇಕಿಲ್ಲ. ಮಾತಾಡಲು 'ಆಬ್ಲಾರ್', ಕೊಳ್ಳಲು 'ಕೊಂಪ್ರಾರ್', ಎಲ್ಲ ಇದೇ ಅಚ್ಚು. 'ಏರ್', 'ಈರ್' ಎಂದು ಮುಗಿಯುವ ಕ್ರಿಯಾಪದಗಳ ಗುಂಪುಗಳು ಆಮೇಲೆ ಬರಲಿ.

ನಾನು ತಿಂಗಳುಗಟ್ಟಲೆ ಸಿಕ್ಕಿಬಿದ್ದದ್ದು 'ಮೆ ಗುಸ್ತ ಎಲ್ ಪೆಸ್ಕಾದೊ' ಎಂಬ ವಾಕ್ಯದಲ್ಲಿ. ಇಂಗ್ಲಿಷ್ ಮೂಲಕ ಕಲಿಯುತ್ತಿದ್ದೆ. 'ನಾನು' ಎಲ್ಲಿ ಹೋಯಿತು ಅಂತಲೇ ಹುಡುಕುತ್ತಿದ್ದೆ. ಒಂದು ಸಂಜೆ ಮಾರ್ಕೆಟ್ಟಿನಿಂದ ಬಂಗಡೆ ತರುವಾಗ ಹೊಳೆಯಿತು: ನನಗೆ ಮೀನು ಇಷ್ಟ! 'ಮೆ' ಅಂದರೆ 'ನನಗೆ'. ಇಂಗ್ಲಿಷಿನವರಿಗೆ ಇದು ತಲೆಕೆಳಗು, ನಮಗೆ ಮನೆಮಾತು. ಇಷ್ಟವಾದದ್ದು ಒಂದಕ್ಕಿಂತ ಜಾಸ್ತಿ ಇದ್ದರೆ 'ಗುಸ್ತನ್' ಅನ್ನಿ: 'ಮೆ ಗುಸ್ತನ್ ಲೊಸ್ ಮಾಂಗೊಸ್', ನನಗೆ ಮಾವಿನಹಣ್ಣುಗಳು ಇಷ್ಟ. ಆವತ್ತಿನಿಂದ ನಾನು ಪ್ರತಿ ವಾಕ್ಯವನ್ನೂ ಕನ್ನಡದ ಪಕ್ಕ ಇಟ್ಟು ನೋಡತೊಡಗಿದೆ. ನೀವೂ ಹಾಗೇ ಮಾಡಿ.

'ಸೆರ್', 'ಎಸ್ತಾರ್' ಎರಡಕ್ಕೂ 'ಇರು' ಎಂದೇ ಅರ್ಥ, ಈ ಜೋಡಿಗೆ ಎಲ್ಲರೂ ಹೆದರುತ್ತಾರೆ. 'ಕಾರವಾರದವಳು' ಎನ್ನಲು ನಮಗೆ 'ಇರು' ಬೇಡ, ಅಲ್ಲಿ 'ಸೆರ್': 'ಸೊಯ್ ದೆ ಕಾರ್ವಾರ್'. 'ಕಾರವಾರದಲ್ಲಿದ್ದೇನೆ' ಎನ್ನಲು 'ಇರು' ಬೇಕು, ಅಲ್ಲಿ 'ಎಸ್ತಾರ್': 'ಎಸ್ತೊಯ್ ಎನ್ ಕಾರ್ವಾರ್'. ಚಹಾ ಬಿಸಿ ಇದೆ, ದಣಿದಿದ್ದೇನೆ, ಇವೂ 'ಎಸ್ತಾರ್'. ಆದರೆ ಎಲ್ಲ ಕಡೆ ಇದು ನಡೆಯುವುದಿಲ್ಲ. 'ಅವಳು ಎತ್ತರ ಇದ್ದಾಳೆ' ಎನ್ನಲು ಸ್ಪ್ಯಾನಿಷ್‌ಗೆ 'ಸೆರ್' ಬೇಕು, 'ಎಸ್ ಆಲ್ತ' ಅನ್ನಬೇಕು. ಇಂಥವು ಕಂಡಾಗಲೆಲ್ಲ ನೋಟ್‌ಬುಕ್ಕಿನಲ್ಲಿ ಬೇರೆ ಪುಟಕ್ಕೆ ಬರೆದಿಡಿ.